ಓರಿನ್ ಕಂಡು ಬಂದ ಪರಲೋಕ

ಮೊಮ್ಮಗ ಪರಲೋಕಕ್ಕೆ ಹೋಗಿ ಬಂದಿದ್ದಾನೆ ಎನ್ನುವ ಸುದ್ದಿ ವಿಲ್ಮಾಳಿಗೆ ಗೊತ್ತಾದದ್ದು ಬೆಳಗಿನ ತಿಂಡಿ ಹೊತ್ತಿನಲ್ಲಿ. ಆಕೆ ಒಲೆಯ ಮುಂದೆ ನಿಂತು ಮೊಟ್ಟೆ ಹುರಿಯುತ್ತಿದ್ದಳು. ಮೇಜಿನ ಹತ್ತಿರ ಕಾಲು ಅಲ್ಲಾಡಿಸುತ್ತ ಕೂತಿದ್ದ ನಾಲ್ಕು ವರ್ಷದ ಓರಿನ್, ಯಾರೂ ಏನೂ ಕೇಳದೆ ಇದ್ದರೂ, "ತಾತ ಅಲ್ಲೂ ಕೋಟಿನ ಜೇಬಲ್ಲಿ ಪೆಪ್ಪರ್‌ಮಿಂಟ್ ಇಟ್ಕೊಂಡಿದಾರೆ" ಎಂದ.

"ಎಲ್ಲಿ?" ಎಂದಳು ಅವನ ತಾಯಿ ರೋಂಡಾ.

"ಪರಲೋಕದಲ್ಲಿ. ನಾನು ನೀರೊಳಗೆ ಬಿದ್ದೆನಲ್ಲ, ಆವಾಗ ಹೋಗಿದ್ದೆ."

ರೋಂಡಾಳ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತು. ಕರ್ಟಿಸ್ ತನ್ನ ಕಾಫಿ ಕೆಳಗಿಟ್ಟು ಮಗನ ಕಡೆ ಪೂರ್ತಿ ತಿರುಗಿ ಕೂತ. ಓರಿನ್ ಹುಟ್ಟುವ ಮೊದಲೇ ಅವನ ತಾತ ಎಲ್ಮರ್ ತೀರಿಕೊಂಡಿದ್ದ. ಊರಿನ ಚಿಕ್ಕ ಚರ್ಚಿನ ಸಭೆಗೆ ಬಹಳ ಕಾಲ ಪಾಸ್ಟರ್ ಆಗಿದ್ದವನು ಅವನು. ಈಗ ಆ ಜಾಗದಲ್ಲಿ ಮಗ ಕರ್ಟಿಸ್ ಇದ್ದ. ಅಪ್ಪನ ಕೋಟಿನ ಜೇಬು, ಅದರೊಳಗಿನ ಪೆಪ್ಪರ್‌ಮಿಂಟು, ಇದೆಲ್ಲ ಆ ಮನೆಯಲ್ಲಿ ಹಬ್ಬಕ್ಕೊಮ್ಮೆ ಎದ್ದು ಬರುವ ಮಾತು. ವಿಲ್ಮಾ ಮೊಟ್ಟೆ ತಿರುವಿ ಹಾಕುತ್ತ, ಹುಡುಗ ಎಲ್ಲೋ ಕೇಳಿಸಿಕೊಂಡಿದ್ದಾನೆ ಎಂದುಕೊಂಡಳು. ಆದರೆ ಮಗ ಸೊಸೆಯ ಮುಖ ನೋಡಿದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ.

ಆ ಇಬ್ಬರ ಮೇಲೆ ಬೇಸಿಗೆಯಲ್ಲಿ ಬಿದ್ದ ಪೆಟ್ಟು ಸಣ್ಣದಲ್ಲ. ಸಭೆಯವರೆಲ್ಲ ಸೇರಿ ಒಬ್ಬ ರೈತನ ಜಮೀನಿನಲ್ಲಿ ಊಟ ಇಟ್ಟುಕೊಂಡಿದ್ದರು. ಗಂಡಸರು ಮಾಂಸ ಸುಡುತ್ತಿದ್ದರು, ಹೆಂಗಸರು ಮರದಡಿ ಮೇಜು ಹಾಸುತ್ತಿದ್ದರು. ನೀರೆತ್ತುವ ಗಾಳಿಯಂತ್ರದ ಬುಡದಲ್ಲಿದ್ದ ದನಗಳ ನೀರಿನ ತೊಟ್ಟಿಯಲ್ಲಿ ಓರಿನ್ ಮುಖ ಕೆಳಗಾಗಿ ತೇಲುತ್ತಿದ್ದುದನ್ನು ಯಾರೋ ಕಂಡು ಕೂಗಿದರು. ಕರ್ಟಿಸ್ ಮಗನನ್ನು ಎಳೆದು ನೆಲದ ಮೇಲೆ ಹಾಕಿ ಎದೆ ಒತ್ತಿದ, ಬಾಯಿಗೆ ಬಾಯಿಟ್ಟು ಊದಿದ. ತುಟಿ ನೀಲಿಗಟ್ಟಿದ್ದ ಮಗು ಕೊನೆಗೆ ನೀರು ಕಕ್ಕಿ ಅತ್ತಿತು. ಆಸ್ಪತ್ರೆಯಿಂದ ಏನೂ ಊನವಿಲ್ಲದೆ ಮನೆಗೆ ಬಂತು. ಒಕ್ಲಹೋಮಾದ ಆ ಬಯಲು ಸೀಮೆಯಲ್ಲಿ ಅಂಥ ತೊಟ್ಟಿಗೆ ಬಿದ್ದ ಮಕ್ಕಳು ಹೀಗೆ ಬದುಕಿ ಬಂದದ್ದು ಕಡಿಮೆ.

ಪೆಪ್ಪರ್‌ಮಿಂಟಿನ ಮಾತು ಬಂದ ಆ ಬೆಳಗಿನಿಂದ ಪ್ರಶ್ನೆಗಳು ಶುರುವಾದವು. ವಿಲ್ಮಾಳ ಕಿವಿ ನೆಟ್ಟಗಾದದ್ದು ಆ ಪ್ರಶ್ನೆಗಳ ರೀತಿಗೆ.

"ಅಲ್ಲಿ ತುಂಬ ಬೆಳಕಿತ್ತಾ ಮಗನೇ?" ಎಂದು ಕರ್ಟಿಸ್ ಕೇಳುತ್ತಿದ್ದ.

"ಹೂಂ."

"ಸೂರ್ಯನಿಗಿಂತ ಜಾಸ್ತಿ?"

"ಹೂಂ, ಸೂರ್ಯನಿಗಿಂತ ಜಾಸ್ತಿ."

"ಹಾಡು ಕೇಳಿಸ್ತಾ?"

"ಕೇಳಿಸ್ತು."

ಇದನ್ನೇ ಕರ್ಟಿಸ್ ಮರುದಿನ ಫೋನಿನಲ್ಲಿ ಯಾರಿಗೋ, "ಅವನಾಗೇ ಹೇಳಿದ, ಸೂರ್ಯನಿಗಿಂತ ಜಾಸ್ತಿ ಬೆಳಕು ಅಂದ" ಎಂದು ಹೇಳುತ್ತಿದ್ದುದನ್ನು ವಿಲ್ಮಾ ಕೇಳಿಸಿಕೊಂಡಳು. ಮಗ ಸುಳ್ಳು ಹೇಳುವವನಲ್ಲ. ಆದರೆ ಅವನ ಸಭೆ ಸೊರಗಿತ್ತು. ಪಟ್ಟಣದಲ್ಲಿ ಗಿಟಾರು ಡ್ರಮ್ಮು ಇಟ್ಟುಕೊಂಡ ದೊಡ್ಡ ಸಭೆಯೊಂದು ಎದ್ದ ಮೇಲೆ ಇಲ್ಲಿನ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು. ಮುಳುಗುವವನಿಗೆ ಏನು ಸಿಕ್ಕಿದರೂ ಹಿಡಿದುಕೊಳ್ಳುವ ಆಸೆ ಇರುತ್ತದಲ್ಲ ಎಂದು ತಾಯಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮುಂದಿನ ವಾರ ಓರಿನ್ ಪರಲೋಕದಲ್ಲಿ ಕುರಿಮರಿ ಕಂಡೆ ಎಂದ. ಬೆಳ್ಳಗಿತ್ತಂತೆ, ಯೇಸುಸ್ವಾಮಿಯ ಕಾಲ ಹತ್ತಿರ ನಿಂತಿತ್ತಂತೆ. "ಅದಕ್ಕೆ ಒಂದೇ ಕಿವಿ" ಎಂದ.

ರೋಂಡಾ ಕಣ್ಣೊರೆಸಿಕೊಂಡಳು. ವಿಲ್ಮಾ ಮಾತ್ರ ಎದ್ದು ಚರ್ಚಿಗೆ ಹೋಗಿ ಸಂಡೇ ಸ್ಕೂಲಿನ ಕಪಾಟು ತೆಗೆದಳು. ಮಕ್ಕಳಿಗೆ ಬೈಬಲ್ ಕತೆ ಹೇಳಲು ಬಟ್ಟೆ ಹೊದಿಸಿದ ಹಲಗೆಯೊಂದಿತ್ತು. ಅದಕ್ಕೆ ಅಂಟಿಸಲು ಬಟ್ಟೆಯಲ್ಲೇ ಕತ್ತರಿಸಿದ ಗೊಂಬೆಗಳಿದ್ದವು. ಎಲ್ಲವನ್ನೂ ಆಕೆಯೇ ಹರೆಯದಲ್ಲಿ ಕೂತು ಕತ್ತರಿಸಿದ್ದಳು. ಕುರಿಮರಿಯ ಒಂದು ಕಿವಿಯನ್ನು ಯಾವುದೋ ಮಗು ಬಾಯಿಗೆ ಹಾಕಿಕೊಂಡು ಜಗಿದು ಹಾಕಿತ್ತು. ಅದನ್ನು ತಂದು ಮಗನ ಮುಂದೆ ಇಟ್ಟಳು.

"ಇಗೋ ನಿನ್ನ ಮಗ ಕಂಡ ಕುರಿಮರಿ."

ಕರ್ಟಿಸ್ ನೋಡಿದ, ನಕ್ಕ. "ಅಮ್ಮ, ಮಗುವಿಗೆ ಗೊತ್ತಿರೋ ರೂಪದಲ್ಲೇ ದೇವರು ತೋರಿಸಿರಬಹುದಲ್ಲ?"

"ತೋರಿಸಲಿ. ಆ ಕಿವಿಯನ್ನಾದರೂ ಹೊಲಿದು ತೋರಿಸಬಾರದಿತ್ತಾ?"

"ನಿನಗೆ ಯಾವಾಗಲೂ ಅನುಮಾನ. ಅಪ್ಪನ ಉಪದೇಶಕ್ಕೂ ತಪ್ಪು ಹುಡುಕ್ತಿದ್ದೆ."

"ಹುಡುಕ್ತಿದ್ದೆ. ಅದಕ್ಕೇ ನಿಮ್ಮಪ್ಪ ಚೆನ್ನಾಗಿ ಉಪದೇಶ ಮಾಡ್ತಿದ್ದ."

ಆಗ ಆಕೆಗೆ ಸೊಸೆಯ ಮೇಲೆ ಗುಮಾನಿ ಹುಟ್ಟಿತು. ಹೊಸ ಹೊಸ ಸಂಗತಿಗಳು ಹೊರಬೀಳುತ್ತಿದ್ದುದು ಯಾವಾಗಲೂ ಬೆಳಗ್ಗೆ. ಸಂಜೆ ಎಷ್ಟು ಕೇಳಿದರೂ ಹುಡುಗ ಹಳೆಯದನ್ನೇ ಒಪ್ಪಿಸುತ್ತಿದ್ದ. ಮಲಗಿ ಎದ್ದರೆ ಪರಲೋಕಕ್ಕೆ ಒಂದು ಬಾಗಿಲೋ ಒಂದು ತೋಟವೋ ಸೇರಿಕೊಂಡಿರುತ್ತಿತ್ತು. ಮಕ್ಕಳನ್ನು ಮಲಗಿಸುವವಳು ರೋಂಡಾ. ಟೀವಿಯ ಉಪದೇಶಕರನ್ನು ಬಾಯಿಬಿಟ್ಟುಕೊಂಡು ನೋಡುವವಳೂ ಅವಳೇ.

"ರಾತ್ರಿ ಮಲಗೋವಾಗ ಅವನ ಹತ್ರ ಏನು ಮಾತಾಡ್ತೀಯ?" ಎಂದು ಒಂದು ದಿನ ಪಾತ್ರೆ ತೊಳೆಯುತ್ತ ಕೇಳಿಯೇಬಿಟ್ಟಳು.

ರೋಂಡಾ ಬಟ್ಟಲನ್ನು ನೀರಿನಲ್ಲೇ ಬಿಟ್ಟು ತಿರುಗಿದಳು. "ಪ್ರಾರ್ಥನೆ ಮಾಡಿಸ್ತೀನಿ, ದೀಪ ಆರಿಸ್ತೀನಿ, ಬರ್ತೀನಿ. ನಾನು ಹೇಳಿಕೊಡ್ತೀನಿ ಅಂದ್ಕೊಂಡಿದೀರಾ ಅಮ್ಮ? ನೇರವಾಗಿ ಕೇಳಿ."

"ನೇರವಾಗೇ ಕೇಳ್ತಿದೀನಿ."

"ಇಲ್ಲ. ನಾನು ಏನೂ ಹೇಳಿಕೊಟ್ಟಿಲ್ಲ." ಮತ್ತೆ ಪಾತ್ರೆಗೆ ಕೈ ಹಾಕುತ್ತ, "ನನ್ನ ಮಗು ಸತ್ತು ಬದುಕಿದೆ. ನಿಮಗೆ ಅದು ಸಾಕಾಗಿಲ್ಲವಲ್ಲ" ಎಂದಳು. ಆಮೇಲೆ ಇಬ್ಬರ ನಡುವೆ ಅಡುಗೆಮನೆಯಲ್ಲಿ ಬೇಕಾದಷ್ಟೇ ಮಾತು.

ಹೀಗೆ ಎಲ್ಲರನ್ನೂ ಸಂಶಯಪಡುತ್ತಿದ್ದ ವಿಲ್ಮಾ ತಾನೇ ಒಂದು ಮಧ್ಯಾಹ್ನ ಜಾರಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ಓರಿನ್ ಆಕೆಯ ಮಗ್ಗುಲಲ್ಲಿ ಆಟದ ಟ್ರ್ಯಾಕ್ಟರು ಓಡಿಸುತ್ತಿದ್ದ. ಹೊಲಿಗೆಯಿಂದ ಕಣ್ಣು ಎತ್ತದೆ, "ತಾತ ನನ್ನ ಬಗ್ಗೆ ಏನಾದರೂ ಕೇಳಿದರೇನೋ?" ಎಂದಳು.

"ಹೂಂ. ಅಜ್ಜಿ ಯಾವಾಗ ಬರ್ತಾಳೆ ಅಂದ್ರು."

ಸೂಜಿ ಬೆರಳಿಗೆ ಚುಚ್ಚಿತು. ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಹುಡುಗನ ಮೇಲಲ್ಲ, ತನ್ನ ಮೇಲೆ. ಹೂಂ ಎನ್ನುವುದಕ್ಕೆ ಅನುಕೂಲವಾಗುವಂತೆ ಕೇಳಿದವಳು ತಾನೇ. ಮಗ ಮಾಡಿದ್ದನ್ನೇ ತಾನೂ ಮಾಡಿದ್ದಳು. ಅನುಮಾನದ ಮುದುಕಿಯ ಗತಿಯೇ ಹೀಗಾದರೆ, ನಂಬಬೇಕೆಂದು ಬಂದವರ ಗತಿ ಏನು ಎಂಬ ಹೆದರಿಕೆ ಆ ದಿನ ಆಕೆಯೊಳಗೆ ಹೊಕ್ಕಿತು.

ಬರುವವರಂತೂ ಬರತೊಡಗಿದ್ದರು. ಭಾನುವಾರದ ಆರಾಧನೆಯಲ್ಲಿ ಓರಿನ್‌ನನ್ನು ಕುರ್ಚಿಯ ಮೇಲೆ ನಿಲ್ಲಿಸಿ, ಕಂಡದ್ದನ್ನು ಸಾಕ್ಷಿಯಾಗಿ ಹೇಳಿಸಿದರು. ಮೈಕಿನಲ್ಲಿ ತನ್ನದೇ ದನಿ ಕೇಳಿ ಹುಡುಗ ಮೊದಮೊದಲು ನಕ್ಕ, ಆಮೇಲೆ ರೂಢಿ ಮಾಡಿಕೊಂಡ. ಬೆಂಚುಗಳು ತುಂಬಿದವು. ಅಕ್ಕಪಕ್ಕದ ಊರುಗಳಿಂದ ಪಿಕಪ್ ಗಾಡಿಗಳು ಬಂದು ಚರ್ಚಿನ ಮುಂದಿನ ಹುಲ್ಲಿನ ಮೇಲೂ ನಿಂತವು. ಮುದುಕಿಯರು ಹುಡುಗನ ತಲೆ ಮುಟ್ಟಿ ಹೋಗುತ್ತಿದ್ದರು. ಅವನ ಅಕ್ಕ, ಎಂಟು ವರ್ಷದ ಲೀಟಾ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿರುತ್ತಿದ್ದಳು. ಅವಳ ಕಡೆ ಯಾರ ಗಮನವೂ ಇರಲಿಲ್ಲ. ವಿಲ್ಮಾಳದೂ ಇರಲಿಲ್ಲ.

ಅಕ್ಟೋಬರ್‌ನಲ್ಲಿ ಹೋಲ್ಕಂ ದಂಪತಿ ಬಂದರು. ಡ್ವೈಟ್ ಹೋಲ್ಕಂ ಪಕ್ಕದ ಜಿಲ್ಲೆಯ ಗೋಧಿ ಬೆಳೆಗಾರ, ಭಾರಿ ಆಳು. ಹೆಂಡತಿ ಮೇವಿಸ್ ಕಡ್ಡಿಯಂತಿದ್ದಳು. ಹಿಂದಿನ ಚಳಿಗಾಲದಲ್ಲಿ ಅವರ ಒಬ್ಬಳೇ ಮಗಳು ಕಾರ್ಲೀನ್, ಶಾಲೆಯ ಬಸ್ಸಿಳಿದು ರಸ್ತೆ ದಾಟುವಾಗ ಟ್ರಕ್ಕಿಗೆ ಸಿಕ್ಕಿ ಸತ್ತಿದ್ದಳು. ಇಬ್ಬರೂ ಮುಂದಿನ ಕೋಣೆಯ ಸೋಫಾದ ಅಂಚಿನಲ್ಲಿ ಕೂತರು. ಡ್ವೈಟ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಅದರ ಅಂಚನ್ನೇ ತಿರುವುತ್ತಿದ್ದ.

"ಬ್ರದರ್ ಕರ್ಟಿಸ್, ತೊಂದರೆ ಕೊಡೋಕೆ ಬಂದಿಲ್ಲ. ಒಂದೇ ಮಾತು ಕೇಳ್ಕೊಂಡು ಹೋಗ್ತೀವಿ."

"ಕೇಳಿ, ಬ್ರದರ್."

ಆ ಮನುಷ್ಯ ನೆಲದ ಮೇಲೆ ಮೊಣಕಾಲೂರಿ ಓರಿನ್‌ನ ಮಟ್ಟಕ್ಕೆ ಇಳಿದ. "ಪುಟ್ಟಾ, ಅಲ್ಲಿ ನಮ್ಮ ಕಾರ್ಲೀನ್‌ನ ನೋಡಿದ್ಯಾ? ಒಂಬತ್ತು ವರ್ಷದವಳು."

ಓರಿನ್‌ಗೆ ಉತ್ತರ ಗೊತ್ತಿರಲಿಲ್ಲ. ಅವನು ಈಗ ಯಾರ ಕಡೆ ನೋಡುತ್ತಾನೆ ಎಂದು ವಿಲ್ಮಾ ಕಾದಳು. ಅಪ್ಪನ ಕಡೆಯೋ ಅಮ್ಮನ ಕಡೆಯೋ ಎಂದು ಆಕೆಯ ಕಣ್ಣು ಇಬ್ಬರ ಮೇಲೂ ಓಡಾಡುತ್ತಿತ್ತು. ಹುಡುಗ ಇಬ್ಬರನ್ನೂ ನೋಡಲಿಲ್ಲ. ಒಳಕೋಣೆಯ ಬಾಗಿಲಿನ ಕಡೆ ತಲೆ ತಿರುಗಿಸಿದ. ಅಲ್ಲಿ ಲೀಟಾ ನಿಂತಿದ್ದಳು. ತಮ್ಮನಿಗೆ ಕಂಡೂ ಕಾಣದ ಹಾಗೆ ತಲೆ ಆಡಿಸಿ, ತನ್ನ ಗುಲಾಬಿ ಫ್ರಾಕನ್ನು ಮುಟ್ಟಿಕೊಂಡಳು.

"ಹೂಂ, ಇದ್ಳು" ಎಂದ ಓರಿನ್. "ಗುಲಾಬಿ ಫ್ರಾಕ್ ಹಾಕಿದ್ಳು."

ಡ್ವೈಟ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಗೂಳಿಯಂತೆ ಅತ್ತ. ಕರ್ಟಿಸ್ ಅವನ ಬೆನ್ನ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರುಮಾಡಿದ. ಮೇವಿಸ್ ಅಳಲಿಲ್ಲ. ಹುಡುಗನನ್ನೇ ಬಹಳ ಹೊತ್ತು ನೋಡಿದಳು, ಆಮೇಲೆ ಕೈಚೀಲವನ್ನು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ವಿಲ್ಮಾ ಮತ್ತೆ ಬಾಗಿಲಿನ ಕಡೆ ನೋಡುವಷ್ಟರಲ್ಲಿ ಲೀಟಾ ಅಲ್ಲಿರಲಿಲ್ಲ.

ಹಿತ್ತಿಲ ಮೆಟ್ಟಿಲ ಮೇಲೆ ಸಿಕ್ಕಳು. ವಿಲ್ಮಾ ಒಂದು ಬುಟ್ಟಿ ಅಲಸಂದೆ ಕಾಯಿ ತಂದು ಅವಳ ಪಕ್ಕದಲ್ಲಿ ಕೂತು, ಬಿಡಿಸತೊಡಗಿದಳು. ಸ್ವಲ್ಪ ಹೊತ್ತು ಇಬ್ಬರೂ ಕಾಳು ಬಿಡಿಸಿದರು.

"ಕಾರ್ಲೀನ್‌ಗೆ ಯಾಕೆ ಗುಲಾಬಿ ಬಣ್ಣ ಕೊಟ್ಟೆ?" ಎಂದಳು ವಿಲ್ಮಾ.

ಲೀಟಾಳ ಕೈ ನಿಂತಿತು. ಓಡಿಹೋಗುತ್ತಾಳೆ ಎಂದುಕೊಂಡರೆ ಓಡಲಿಲ್ಲ. "ಬೇರೆ ಏನೂ ಹೊಳೀಲಿಲ್ಲ ಅಜ್ಜಿ" ಎಂದಳು.

"ರಾತ್ರಿ ಅವನಿಗೆ ನೀನೇ ಹೇಳ್ತೀಯ?"

"ಅವನೇ ಕೇಳ್ತಾನೆ. ಆಸ್ಪತ್ರೆಯಿಂದ ಬಂದಾಗ ನಮ್ಮ ಕೋಣೇಲಿ ಅಮ್ಮ ದೀಪ ಆರಿಸಿದ್ರೆ ಅಳ್ತಿದ್ದ. ನೀರೊಳಗೆ ಪೂರ್ತಿ ಕತ್ತಲೆ ಇತ್ತು, ಮತ್ತೆ ಬರುತ್ತೆ ಅಂತಿದ್ದ. ಅದು ಕತ್ತಲೆ ಅಲ್ಲ ಕಣೋ, ಪರಲೋಕದ ಬಾಗಿಲು, ನೀನು ಒಳಗೆ ಹೋಗಿ ಬಂದಿದೀಯ, ಮರ್ತುಬಿಟ್ಟಿದೀಯ ಅಂದೆ. ಸುಮ್ಮನಾಗ್ತಾನೆ ಅಂತ. ಸುಮ್ಮನಾದ. ಬೆಳಗ್ಗೆ ಎದ್ದು ಅಪ್ಪನಿಗೆ ಹೇಳಿಬಿಟ್ಟ."

"ಆವಾಗಲೇ ಯಾಕೆ ಹೇಳಲಿಲ್ಲ ನೀನು?"

ಹುಡುಗಿ ಸಿಪ್ಪೆಯನ್ನು ಚೂರು ಚೂರು ಮಾಡಿದಳು. "ಅಲ್ಲಿವರೆಗೆ ಅಮ್ಮ ದಿನಾ ಕೇಳ್ತಿದ್ರು, ತೊಟ್ಟಿ ಮೇಲೆ ಅವನು ಹೇಗೆ ಹತ್ತಿದ ಅಂತ. ಆಮೇಲೆ ಕೇಳಲಿಲ್ಲ."

"ಹೇಗೆ ಹತ್ತಿದ?"

"ಹತ್ತಲಿಲ್ಲ. ನಾನೇ ಎತ್ತಿ ತೊಟ್ಟಿ ಅಂಚಿನ ಮೇಲೆ ಕೂರಿಸಿದೆ. ಕೊಟ್ಟಿಗೆಯಲ್ಲಿ ಬೆಕ್ಕು ಮರಿ ಹಾಕಿತ್ತು, ಇವನು ಬಂದ್ರೆ ಹಿಸುಕ್ತಾನೆ ಅಂತ... ಅಲ್ಲಿ ಕೂರಿಸಿದ್ರೆ ಇಳಿಯೋಕೆ ಬರಲ್ಲ, ಹಿಂದೆ ಬರಲ್ಲ ಅಂತ ಕೂರಿಸಿ ಹೋದೆ."

ವಿಲ್ಮಾ ಇಷ್ಟು ತಿಂಗಳು ಕಳ್ಳನನ್ನು ಹುಡುಕುವಂತೆ ಮನೆಯೆಲ್ಲ ಹುಡುಕಿದ್ದಳು, ಸಿಕ್ಕಿದ್ದು ಇದು. ಎಂಟು ವರ್ಷದ ಹುಡುಗಿ ತಮ್ಮನ ಹೆದರಿಕೆಗೂ ತನ್ನ ಹೆದರಿಕೆಗೂ ಸೇರಿಸಿ ದಿನಾ ರಾತ್ರಿ ಒಂದಿಷ್ಟು ಪರಲೋಕ ಕಟ್ಟುತ್ತಿದ್ದಳು. ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಮೈ ಮರದ ಕೊರಡಿನಂತೆ ಸೆಟೆದಿತ್ತು.

"ಅಪ್ಪನಿಗೆ ಹೇಳಬೇಕು ಮಗಳೇ."

"ಗೊತ್ತು. ಅಜ್ಜಿ, ಆ ಮಾಮ ಅಷ್ಟು ಅಳ್ತಾರೆ ಅಂತ ನಂಗೆ ಗೊತ್ತಿರಲಿಲ್ಲ."

ಕರ್ಟಿಸ್ ಚರ್ಚಿನಲ್ಲಿ ಹೆಚ್ಚುವರಿ ಕುರ್ಚಿಗಳನ್ನು ಸಾಲಾಗಿ ಹಾಕುತ್ತಿದ್ದ. ಲೀಟಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅವನು ಮೊದಲು ನಂಬಲಿಲ್ಲ. ಹುಡುಗಿಗೆ ಯಾರು ಹೀಗೆ ಹೇಳಿಕೊಟ್ಟರು ಎನ್ನುವಂತೆ ತಾಯಿಯ ಕಡೆ ನೋಡಿದ. ಆಮೇಲೆ ಓರಿನ್‌ನನ್ನು ಕರೆತಂದು ಕೂರಿಸಿಕೊಂಡು, ಈ ಸಲ ಏನನ್ನೂ ಸೂಚಿಸದೆ, "ನೀರಲ್ಲಿ ಏನಾಯ್ತು, ಹೇಳು" ಎಂದ.

"ಕತ್ತಲೆ ಇತ್ತು" ಎಂದ ಓರಿನ್. "ಆಮೇಲೆ ನೀನಿದ್ದೆ."

ಲೀಟಾ ತಮ್ಮನನ್ನು ಕರೆದುಕೊಂಡು ಹೋದ ಮೇಲೆ ಕರ್ಟಿಸ್ ಒಂದು ಕುರ್ಚಿಯ ಮೇಲೆ ಕುಸಿದ. "ನಾನು ಅವನ ಎದೆ ಒತ್ತುವಾಗ ಅವನಲ್ಲಿ ಉಸಿರಿರಲಿಲ್ಲ ಅಮ್ಮ. ಅಷ್ಟು ಹೊತ್ತು ಎಲ್ಲಾದರೂ ಇದ್ದಿರಲೇಬೇಕಲ್ಲ. ಯಾರಾದರೂ ಎತ್ಕೊಂಡಿರಬೇಕಲ್ಲ."

ಅನುಮಾನಕ್ಕೆ ಹೆಸರಾದ ವಿಲ್ಮಾಳಿಗೆ ಆಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಎತ್ಕೊಂಡಿದ್ದರೂ ಅವನಿಗೆ ನೆನಪಿಲ್ಲ ಕಣೋ. ನೆನಪಿಲ್ಲದ್ದನ್ನ ಅವನ ಬಾಯಲ್ಲಿ ಹೇಳಿಸಬೇಡ" ಎಂದಳು.

ಮುಂದಿನ ಭಾನುವಾರ ಕರ್ಟಿಸ್ ಬೈಬಲ್ ತೆರೆಯದೆ ನಿಂತು, ತಾನು ಮಗನಿಗೆ ಪ್ರಶ್ನೆಯ ಜೊತೆಗೆ ಉತ್ತರವನ್ನೂ ಕೊಟ್ಟೆ ಎಂದು ಹೇಳಿದ. ಲೀಟಾಳ ಹೆಸರು ಎತ್ತಲಿಲ್ಲ. ಯಾರೂ ಕೂಗಾಡಲಿಲ್ಲ. ಕೆಲವರು ಕೀರ್ತನೆ ಮುಗಿಯುವ ಮೊದಲೇ ಎದ್ದು ಹೋದರು. ಒಬ್ಬ ಮುದುಕ ಬಾಗಿಲಲ್ಲಿ ವಿಲ್ಮಾಳನ್ನು ತಡೆದು, "ಸಿಸ್ಟರ್ ವಿಲ್ಮಾ, ಮಗುವಿನ ಬಾಯಿ ಮುಚ್ಚಿಸಿ ನಿಮಗೇನು ಸಿಕ್ಕಿತು?" ಎಂದ. ಹುಲ್ಲಿನ ಮೇಲೆ ನಿಲ್ಲುತ್ತಿದ್ದ ಗಾಡಿಗಳು ಮತ್ತೆ ಬರಲಿಲ್ಲ. ಮಗಳ ವಿಷಯ ತಿಳಿದ ರೋಂಡಾ ಅವಳಿಗೆ ತಲೆ ಬಾಚುತ್ತಿದ್ದಳು, ಡಬ್ಬಿ ಕಟ್ಟುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದು ಬೆಳಗ್ಗೆ ಬಾಚಣಿಗೆ ಹಿಡಿದಿದ್ದ ಕೈ ನಿಲ್ಲಿಸಿ, "ಬೆಕ್ಕಿನ ಮರಿ ಯಾವ ಬಣ್ಣ ಇತ್ತು?" ಎಂದು ಕೇಳಿದಳು. ಲೀಟಾ ಬೂದು ಎಂದಳು. ರೋಂಡಾ ಅವಳ ಹಣೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, ಶಾಲೆಯ ಬಸ್ಸು ಬಂದು ಹಾರ್ನ್ ಹಾಕುವವರೆಗೆ ಬಿಡಲಿಲ್ಲ.

ಹೋಲ್ಕಂ ಮನೆಗೆ ಕರ್ಟಿಸ್ ತಾನೇ ಹೋಗಿ ಹೇಳಿ ಬಂದ. ಡ್ವೈಟ್ ಕೇಳಿಸಿಕೊಂಡು ಬಾಗಿಲು ಹಾಕಿದನಂತೆ.

ಮೊದಲ ಹಿಮ ಬಿದ್ದು ಕರಗಿದ ಮೇಲೆ ಒಂದು ಶನಿವಾರ ಮೇವಿಸ್ ಒಬ್ಬಳೇ ಬಂದಳು. ಬಾಗಿಲು ತೆಗೆದ ವಿಲ್ಮಾ ದಾರಿಗೆ ಅಡ್ಡ ನಿಂತಳು. ಆ ಹೆಂಗಸಿನ ಬಿಗಿದ ತುಟಿ ನೋಡಿ ಒಳ್ಳೆಯದಕ್ಕೆ ಬಂದಿದ್ದಾಳೆ ಎಂದು ಆಕೆಗೆ ಅನ್ನಿಸಲಿಲ್ಲ.

"ಆವತ್ತು ಬಾಗಿಲಲ್ಲಿ ನಿಂತಿದ್ದಳಲ್ಲ, ಆ ಹುಡುಗಿಯ ಹತ್ರ ಮಾತಾಡಬೇಕು" ಎಂದಳು ಮೇವಿಸ್.

"ನೀವು ನೋಡಿದ್ರಾ?"

"ನೋಡಿದೆ. ನನ್ನ ಮಗಳು ಗುಲಾಬಿ ಬಣ್ಣ ಕಂಡರೆ ಉರಿದು ಬೀಳ್ತಿದ್ದಳು. ಅಲ್ಲಿ ಹೋದರೂ ಹಾಕೋಳಲ್ಲ. ಅವತ್ತೇ ಗೊತ್ತಾಯ್ತು ನಂಗೆ."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ನನ್ನ ಗಂಡ ಅಂದು ರಾತ್ರಿ ನಿದ್ದೆ ಮಾಡಿದ" ಎಂದಳು ಮೇವಿಸ್. "ಭಯ ಬೇಡ ಸಿಸ್ಟರ್. ಬೈಯೋಕೆ ಬಂದಿಲ್ಲ."

ವಿಲ್ಮಾ ಅರ್ಧ ಮನಸ್ಸಿನಿಂದ ದಾರಿ ಬಿಟ್ಟಳು. ಲೀಟಾ ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತಳು. ವಿಲ್ಮಾ ಅಡುಗೆಮನೆಯ ಬಾಗಿಲ ಮರೆಯಲ್ಲಿ, ಒಂದು ಮಾತು ಏರಿದರೂ ಒಳಗೆ ನುಗ್ಗುವ ಹಾಗೆ ಸಜ್ಜಾಗಿ, ಕಿವಿಗೊಟ್ಟು ನಿಂತಳು.

"ಕೂತ್ಕೋ" ಎಂದಳು ಮೇವಿಸ್. "ನೀನು ನಿನ್ನದೇ ಒಬ್ಬಳು ಕಾರ್ಲೀನ್‌ನ ಕಟ್ಟಿದೆ. ನಿಜವಾದವಳು ಹೇಗಿದ್ದಳು ಅಂತ ನಿನಗೆ ಗೊತ್ತಿರಲಿ. ನಮ್ಮೂರಲ್ಲಿ ಅವಳ ಹೆಸರು ತೆಗೆದರೆ ಎಲ್ಲರೂ ಮಾತು ಬದಲಾಯಿಸ್ತಾರೆ. ನೀನು ಬದಲಾಯಿಸೋ ಹಾಗಿಲ್ಲ, ಕೂತು ಕೇಳಬೇಕು."

ಲೀಟಾ ಸೋಫಾದ ತುದಿಯಲ್ಲಿ ಕೂತಳು.

"ಉಗುರು ಕಚ್ಚೋಳು. ಅವರಪ್ಪನ ಬೂಟು ಹಾಕ್ಕೊಂಡು ತಿರುಗೋಳು. ಸುಳ್ಳು ಹೇಳೋಳು, ಮುಖ ನೋಡಿ ಹೇಳೋಳು."

"ಏನು ಸುಳ್ಳು?" ಎಂದಳು ಲೀಟಾ, ಮೆಲ್ಲಗೆ.

"ಒಂದು ಸಲ ಟೀಚರಿಗೆ, ನಮ್ಮಮ್ಮನಿಗೆ ಅವಳಿ ಮಕ್ಕಳು ಆಗ್ತಾವೆ ಅಂತ ಹೇಳಿಬಿಟ್ಟಿದ್ದಳು. ಟೀಚರು ಒಂದು ಬುಟ್ಟಿ ತುಂಬ ಮಕ್ಕಳ ಬಟ್ಟೆ ಹಿಡ್ಕೊಂಡು ನಮ್ಮನೆ ಬಾಗಿಲಿಗೆ ಬಂದರು." ಮೇವಿಸ್‌ಳ ಗಂಟಲಿನಿಂದ ನಗುವಿನಂಥದ್ದೊಂದು ಹೊರಬಿತ್ತು. "ಎಲ್ಲಾ ಜೋಡಿ ಜೋಡಿ."

"ಆಮೇಲೆ?"

ಮೇವಿಸ್ ಕೋಟಿನ ಗುಂಡಿ ಬಿಚ್ಚಿ ಹಿಂದಕ್ಕೆ ಒರಗಿದಳು. ವಿಲ್ಮಾ ಮರೆಯಿಂದ ಸರಿದು ಒಲೆಯ ಮೇಲೆ ಚಹಕ್ಕೆ ನೀರಿಟ್ಟಳು.